ಹಲ್ಲು ನೋಡಿ ಟಯರು ಕೊಳ್ಳಬೇಡಿ

ಮೇ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಎರಡು ವ್ಯಾಪಾರ ಜೋರು. ಒಂದು ಕೊಡೆಯದು, ಇನ್ನೊಂದು ಟಯರಿನದು. ಕೊಡೆ ಕೊಳ್ಳುವವರು ಅದನ್ನು ಬಿಡಿಸಿ, ಮಡಚಿ, ಕಡ್ಡಿ ಎಳೆದು, ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಉಂಟೋ ಎಂದು ನೋಡಿಯೇ ದುಡ್ಡು ಕೊಡುತ್ತಾರೆ. ಹಳೆ ಟಯರು ಕೊಳ್ಳುವವರು? ಕಾಲಿನಲ್ಲಿ ಒಂದು ಒದೆ ಒದ್ದು, "ಹಲ್ಲ್ ಇತ್ತಲ್ದಾ, ಸಾಕ್" ಎಂದು ಗಾಡಿಗೆ ಹಾಕಿಸಿಕೊಂಡು ಹೊರಟೇಬಿಡುತ್ತಾರೆ. ಕೊಡೆ ಕೈಕೊಟ್ಟರೆ ತಲೆ ಒದ್ದೆಯಾಗುತ್ತದೆ, ಅಷ್ಟೆ. ಟಯರು ಕೈಕೊಟ್ಟರೆ?

ಹಳೆ ಟಯರು ಕೊಳ್ಳುವುದು ತಪ್ಪೆಂದು ಈ ಅಂಕಣ ಹೇಳುವುದಿಲ್ಲ. ಬಾಡಿಗೆ ಕಾರು ಓಡಿಸಿ ಮನೆ ನಡೆಸುವವರು ನಮ್ಮಲ್ಲಿ ನೂರಾರು ಮಂದಿ. ಬ್ಯಾಂಕಿನ ಕಂತು, ಮಕ್ಕಳ ಫೀಸು, ಡೀಸೆಲಿನ ರೇಟು ಎಲ್ಲ ತಲೆಮೇಲೆ ಕುಳಿತಿರುವಾಗ ನಾಲ್ಕು ಹೊಸ ಟಯರು ಹಾಕಿಸುವುದೆಂದರೆ ಸಣ್ಣ ಮಾತಲ್ಲ. "ಹೊಸ ಟಯರಿಗೆ ದುಡ್ಡ್ ಎಲ್ಲಿತ್ತ್ ಮಾರಾಯ್ರೆ? ಈ ಮಳಿಗಾಲ ಒಂದ್ ದಾಟ್ರೆ ಸಾಕ್" ಎನ್ನುವ ಮಾತನ್ನು ಯಾವ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿಯೂ ಕೇಳಬಹುದು. ಅದರಲ್ಲಿ ಸುಳ್ಳೇನೂ ಇಲ್ಲ.

ಆದರೆ ಮಳೆಗಾಲ ದಾಟಬೇಕಾದ್ದು ಇಂಥ ಟಯರೇ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಊರು ನಮ್ಮದು. ಬ್ರಹ್ಮಾವರದಿಂದ ಕೋಟ, ಕುಂದಾಪುರ, ತ್ರಾಸಿ, ಮರವಂತೆ, ಬೈಂದೂರು ದಾಟಿ ಶಿರೂರಿನವರೆಗೆ ಹೆದ್ದಾರಿ 66. ಹಿಂದೆ 17 ಎಂದು ಕರೆಯುತ್ತಿದ್ದ ಅದೇ ರಸ್ತೆ. ಈಗ ನಾಲ್ಕು ಪಥವಾಗಿದೆ, ಗಾಡಿಗಳ ವೇಗ ಏರಿದೆ. ಒಳಗೆ ಹೋದರೆ ಸಿದ್ದಾಪುರ, ಹೊಸಂಗಡಿ ಮೇಲಿನ ಬಾಳೆಬರೆ ಘಾಟಿ, ಕೊಲ್ಲೂರಿನಾಚೆ ನಾಗೋಡಿ ಘಾಟಿ, ಹೆಬ್ರಿ ಕಡೆಯಿಂದ ಆಗುಂಬೆ. ಇಲ್ಲೆಲ್ಲ ನಾಲ್ಕು ಅಂಗೈಯಷ್ಟು ರಬ್ಬರೇ ಕಾರನ್ನು ನೆಲಕ್ಕೆ ಹಿಡಿದಿಟ್ಟುಕೊಂಡಿರುತ್ತದೆ. ಅದರ ಯೋಗ್ಯತೆಯನ್ನು ಒಂದು ಒದೆಯಲ್ಲಿ ಅಳೆಯಬಹುದೇ?

ಎತ್ತಿನ ಲೆಕ್ಕ ಬೇರೆ, ಟಯರಿನ ಲೆಕ್ಕ ಬೇರೆ

ಎತ್ತು, ಕೋಣ ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಲ್ಲು ನೋಡಿದರೆ ಪ್ರಾಯ ಗೊತ್ತಾಗುತ್ತದೆ. ಅದೇ ಅಭ್ಯಾಸ ಟಯರಿಗೂ ಬಂದಿದೆ. ಆದರೆ ಟಯರಿನ ಪ್ರಾಯ ಹಲ್ಲಿನಲ್ಲಿ ಇಲ್ಲ.

ಈ ಅಭ್ಯಾಸಕ್ಕೆ ಒಂದು ಕಾರಣವೂ ಉಂಟು. ಅಂಬಾಸಿಡರಿನ ಕಾಲದಲ್ಲಿ ಟಯರೆಂದರೆ 5.90-15, ಪದ್ಮಿನಿಗೆ 5.20-14. ಒಳಗೆ ಟ್ಯೂಬು, ಅಡ್ಡಡ್ಡ ಹೆಣೆದ ನೂಲಿನ ದಪ್ಪ ಟಯರು. ಬೇಗ ಸವೆಯುತ್ತಿತ್ತು, ಸವೆದರೆ ರೀಸೋಲ್ ಮಾಡಿಸುತ್ತಿದ್ದರು. ಬಾಡಿಗೆ ಕಾರಿನ ಟಯರಿಗೆ ಮುದಿಯಾಗುವಷ್ಟು ಸಮಯವೇ ಇರಲಿಲ್ಲ, ಅಷ್ಟರೊಳಗೆ ಬೋಳಾಗುತ್ತಿತ್ತು. ಹಾಗಾಗಿ ಹಲ್ಲು ನೋಡಿದರೆ ಮುಕ್ಕಾಲು ಸತ್ಯ ತಿಳಿಯುತ್ತಿತ್ತು. 1983ರಲ್ಲಿ ಮಾರುತಿ ಬಂತು, 2014ಕ್ಕೆ ಅಂಬಾಸಿಡರ್ ತಯಾರಿಯೇ ನಿಂತಿತು. ಈಗಿನ ಕಾರುಗಳಿಗೆ ಬರುವುದು ರೇಡಿಯಲ್, ಅದರಲ್ಲೂ ಹೆಚ್ಚಿನವು ಟ್ಯೂಬ್‌ಲೆಸ್. ಇವು ನಿಧಾನ ಸವೆಯುತ್ತವೆ. ಮನೆ ಕಾರು ವಾರಕ್ಕೊಮ್ಮೆ ಪೇಟೆಗೆ, ತಿಂಗಳಿಗೊಮ್ಮೆ ದೇವಸ್ಥಾನಕ್ಕೆ ಹೋಗುವುದಾದರೆ ಹಲ್ಲು ಹಾಗೆಯೇ ಇರುತ್ತದೆ, ಒಳಗಿನ ರಬ್ಬರು ಮಾತ್ರ ಸದ್ದಿಲ್ಲದೆ ಮುದಿಯಾಗುತ್ತದೆ.

ರಬ್ಬರು ಮುದಿಯಾಗುವುದೆಂದರೇನು ಎಂದು ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಎರಡು ವರ್ಷ ಬಿದ್ದ ರಬ್ಬರ್ ಬ್ಯಾಂಡನ್ನು ಎಳೆದು ನೋಡಿ. ಯಾರೂ ಬಳಸದಿದ್ದರೂ ಪಟ್ಟೆಂದು ತುಂಡಾಗುತ್ತದೆ. ಗಾಳಿ, ಬಿಸಿಲು, ಸೆಕೆ ಸೇರಿ ಅದರ ಎಳೆತನವನ್ನು ತೆಗೆದಿರುತ್ತವೆ. ಟಯರಿನ ಕಥೆಯೂ ಅದೇ. ತಡೆಯಲು ಕಂಪೆನಿಯವರು ಮದ್ದು ಬೆರೆಸಿರುತ್ತಾರೆ, ಅದಕ್ಕೂ ಒಂದು ಅವಧಿ ಇದೆ.

ಎಲ್ಲಕ್ಕಿಂತ ಮೋಸ ಹೋಗುವುದು ಸ್ಟೆಪ್ನಿ ಟಯರಿನಲ್ಲಿ. ಗುಜರಿಗೆ ಹೋದ ಕಾರಿನ ಡಿಕ್ಕಿಯೊಳಗೆ ಹತ್ತು ವರ್ಷ ಮಲಗಿದ್ದ ಸ್ಟೆಪ್ನಿಗೆ ಹಲ್ಲು ಪೂರ್ತಿ ಇರುತ್ತದೆ. ಪಾಲಿಶ್ ಹಚ್ಚಿದರೆ ಮದುಮಗನ ಹಾಗೆ ಕಾಣುತ್ತದೆ. "ಒಂದ್ ದಿನವೂ ಓಡ್ಲಿಲ್ಲೆ ಅಣ್ಣಾ" ಎಂದು ಮಾರುವವರು ಹೇಳಿದರೆ ಅದು ಸತ್ಯವೇ ಇರಬಹುದು. ಓಡದಿದ್ದರೂ ಪ್ರಾಯ ಆಗಿದೆ ಎಂಬುದೂ ಅಷ್ಟೇ ಸತ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗೆ ಹೊಳೆಯುವುದೆಲ್ಲ ಹೊಸ ಟಯರಲ್ಲ.

ಪ್ರಾಯ ಬರೆದಿದೆ, ಓದಿ

ಹಾಗಾದರೆ ಪ್ರಾಯ ತಿಳಿಯುವುದು ಹೇಗೆ? ಟಯರಿನ ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿದ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಸಾಮಾನ್ಯವಾಗಿ ಒಂದು ಸಣ್ಣ ಚೌಕಟ್ಟಿನೊಳಗೆ. ಉದಾಹರಣೆಗೆ 2321. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಇಸವಿ. ಅಂದರೆ 2021ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ ಟಯರು ಅದು. ಜೂನ್ ತಿಂಗಳ ಕೂಸು ಎಂದಿಟ್ಟುಕೊಳ್ಳಿ.

ಈ ಅಂಕಿ ಎಷ್ಟೋ ಟಯರುಗಳಲ್ಲಿ ಒಂದೇ ಬದಿಗೆ ಇರುತ್ತದೆ. ಹೊರಬದಿಯಲ್ಲಿ ಕಾಣದಿದ್ದರೆ ತಿರುಗಿಸಿ ಒಳಬದಿ ನೋಡಿ. ಎರಡೂ ಕಡೆ ಇಲ್ಲದಿದ್ದರೆ, ಇಲ್ಲವೇ ಆ ಜಾಗವನ್ನು ಉಜ್ಜಿ ಅಳಿಸಿದಂತೆ ಕಂಡರೆ, ಮಾತು ಬೆಳೆಸದೆ ಮುಂದಿನ ಅಂಗಡಿಗೆ ನಡೆಯಿರಿ. ಹಾಗೆಯೇ ಐ.ಎಸ್.ಐ. ಗುರುತು ನೋಡಿ. 2009ರಲ್ಲಿ ಹೊರಟ ಕೇಂದ್ರ ಸರಕಾರದ ಗುಣಮಟ್ಟದ ಆದೇಶದ ಪ್ರಕಾರ ಕಾರಿನ ಟಯರಿಗೆ ಈ ಗುರುತು ಕಡ್ಡಾಯವಾಗಿದೆ.

ಎಷ್ಟು ಪ್ರಾಯದ ಟಯರು ಬೇಡ? ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಹಲ್ಲು ಎಷ್ಟೇ ಇದ್ದರೂ ಬಿಸಾಡಿ ಎಂದು ದೊಡ್ಡ ಟಯರು ಕಂಪೆನಿಗಳೇ ಹೇಳುತ್ತವೆ. ಕೆಲವು ಕಾರು ಕಂಪೆನಿಗಳು ಆರು ವರ್ಷಕ್ಕೇ ಗೆರೆ ಎಳೆಯುತ್ತವೆ. ಹೀಗಿರುವಾಗ ದುಡ್ಡು ಕೊಟ್ಟು ಕೊಳ್ಳುವ ಹಳೆ ಟಯರಿಗೆ ನಾಲ್ಕು ವರ್ಷದೊಳಗಿನ ಪ್ರಾಯ ಇರಬೇಕು. ಐದು ದಾಟಿದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಬಸ್ಸಿಗೆ ಕಾಯುವವರು ಇದನ್ನು ಇವತ್ತೇ ಅಭ್ಯಾಸ ಮಾಡಬಹುದು. ಶಾಸ್ತ್ರಿ ಸರ್ಕಲಿನಲ್ಲೋ ಬ್ರಹ್ಮಾವರ ಸ್ಟ್ಯಾಂಡಿನಲ್ಲೋ ನಿಂತಾಗ ಪಕ್ಕದಲ್ಲಿರುವ ಕಾರಿನ ಟಯರು ಓದಿ. ನಾಲ್ಕು ದಿನದಲ್ಲಿ ಕಣ್ಣು ಪಳಗುತ್ತದೆ. ಮದುವೆಗೆ, ಆಸ್ಪತ್ರೆಗೆ ಬಾಡಿಗೆ ಕಾರು ಮಾಡುವ ಮುನ್ನ ಒಮ್ಮೆ ಬಗ್ಗಿ ನೋಡುವ ಹಕ್ಕು ಒಳಗೆ ಕುಳಿತುಕೊಳ್ಳುವವರಿಗೂ ಇದೆಯಲ್ಲ!

ಒಳಗೆ ಕೈ ಹಾಕಿ

ರಿಮ್ಮಿಗೆ ಹಾಕಿಟ್ಟ ಹಳೆ ಟಯರನ್ನು ಹಾಗೆಯೇ ಕೊಳ್ಳಬೇಡಿ. "ಬಿಚ್ಚಿ ತೋರ್ಸಿ ಕಾಂಬ" ಎಂದು ಕೇಳಿ. ಬಿಚ್ಚಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ.

ಬಿಚ್ಚಿದ ಮೇಲೆ ಬೆಳಕಿಗೆ ಹಿಡಿದು ಒಳಮೈ ನೋಡಿ, ಅಂಗೈ ಆಡಿಸಿ. ಒಳಗೆ ನೂಲು ಕಾಣಬಾರದು. ಸುತ್ತಲೂ ಉಜ್ಜಿದ ಪಟ್ಟಿ, ಕಪ್ಪು ರಬ್ಬರ್ ಪುಡಿ ಉದುರುವುದು ಕಂಡರೆ ಆ ಟಯರು ಗಾಳಿ ಇಲ್ಲದೆ ಓಡಿದೆ ಎಂದೇ ಅರ್ಥ. ಪಂಚರಾಗಿ ಮುಂದಿನ ಅಂಗಡಿಯವರೆಗೆ ಎಳೆದುಕೊಂಡು ಹೋಗಿರುತ್ತಾರೆ. ಗೋಡೆಯೊಳಗಿನ ನೂಲು ಅಲ್ಲಿಯೇ ಸತ್ತಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಪಂಚರ್ ತೇಪೆ ಇದ್ದರೆ ಎಲ್ಲಿದೆ ಎಂದು ನೋಡಿ. ರಸ್ತೆಗೆ ತಾಗುವ ಭಾಗದ ನಡುವೆ, 6 ಮಿ.ಮೀ. ಮೀರದ ತೂತಿಗೆ ಒಳಗಿನಿಂದ ಹಾಕಿದ ತೇಪೆಯಾದರೆ ಒಪ್ಪಬಹುದು. ಭುಜದ ಹತ್ತಿರ, ಪಕ್ಕದ ಗೋಡೆಯಲ್ಲಿ ತೇಪೆ ಇದ್ದರೆ ಬೇಡವೇ ಬೇಡ. ಓಡುವಾಗ ಪ್ರತಿ ಸುತ್ತಿಗೂ ಮಡಚಿ ಬಿಚ್ಚುವ ಜಾಗ ಅದು, ಯಾವ ತೇಪೆಯೂ ಅಲ್ಲಿ ನಿಲ್ಲುವುದಿಲ್ಲ.

ಗೋಡೆ ಎಲ್ಲಿಯಾದರೂ ಉಬ್ಬಿದೆಯೇ? ಹೊಂಡಕ್ಕೆ ಬಿದ್ದ ಪೆಟ್ಟಿಗೆ ಒಳಗಿನ ನೂಲು ಕಡಿದು, ಗಾಳಿ ರಬ್ಬರನ್ನು ಹೊರಗೆ ದೂಡಿದ ಗುರುತು ಅದು. ಗಾಳಿ ಇಲ್ಲದಾಗ ಈ ಉಬ್ಬು ಅಡಗಿಕೊಳ್ಳುತ್ತದೆ. ಆದ್ದರಿಂದ ಬಿಚ್ಚಿ ನೋಡಿದ ಮೇಲೆ ಪುನಃ ರಿಮ್ಮಿಗೆ ಹಾಕಿ, ಗಾಳಿ ತುಂಬಿಸಿ, ಎರಡೂ ಬದಿ ಕೈಯಾಡಿಸಿದ ನಂತರವೇ ಪೂರ್ತಿ ದುಡ್ಡು ಎಣಿಸಿ.

ಕೊನೆಗೆ ರಿಮ್ಮನ್ನು ಕಚ್ಚಿ ಹಿಡಿಯುವ ಒಳಸುತ್ತು ನೋಡಿ. ಅದರೊಳಗೆ ಉಕ್ಕಿನ ತಂತಿ ಇದೆ. ಲಿವರ್ ಹಾಕಿ ಒರಟಾಗಿ ಬಿಚ್ಚಿದ ಟಯರಿನಲ್ಲಿ ಅಲ್ಲಿ ರಬ್ಬರು ಹರಿದಿರುತ್ತದೆ. ತಂತಿ ಇಣುಕುತ್ತಿದ್ದರೆ ಟ್ಯೂಬ್‌ಲೆಸ್ ಟಯರು ಗಾಳಿ ಹಿಡಿಯುವುದಿಲ್ಲ. ಆಗ "ಟ್ಯೂಬ್ ಹಾಕ್ರೆ ಆಯ್ತ್" ಎನ್ನುವವರುಂಟು. ಕೆಟ್ಟ ಟಯರಿಗೆ ಟ್ಯೂಬು ತುರುಕಿದರೆ ಟಯರು ಒಳ್ಳೆಯದಾಗುವುದಿಲ್ಲ, ರೋಗ ಮುಚ್ಚಿಹೋಗುತ್ತದೆ ಅಷ್ಟೆ.

ತೋಡಿನ ಆಳ, ದುಡ್ಡಿನ ಲೆಕ್ಕ

ಇಷ್ಟೆಲ್ಲ ಆದ ಮೇಲೆ ಹಲ್ಲು ನೋಡುವ ಸರದಿ. ಹಲ್ಲುಗಳ ನಡುವಿನ ಗೀರು ಯಾಕೆ ಇದೆ? ನೀರು ಹೋಗಲಿಕ್ಕೆ. ಗದ್ದೆಯ ಪಕ್ಕದ ತೋಡಿನ ಕೆಲಸವೇ ಅದರದ್ದು. ತೋಡು ಆಳವಿಲ್ಲದಿದ್ದರೆ ನೀರು ಗದ್ದೆಗೆ ಏರುತ್ತದೆ, ಟಯರಿನ ತೋಡು ಆಳವಿಲ್ಲದಿದ್ದರೆ ಕಾರು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕು ಒತ್ತಿದರೂ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಾರಿನ ಟಯರಿಗೆ ಈ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂದಿದೆ. ಅಳೆಯಲು ಕಷ್ಟವಿಲ್ಲ. ತೋಡಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡ ದಿಣ್ಣೆಗಳಿರುತ್ತವೆ. ಹಲ್ಲು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟಯರು ಮುಗಿಯಿತು. ದಿಣ್ಣೆ ಎಲ್ಲಿದೆ ಎಂದು ತೋರಿಸಲು ಭುಜದ ಮೇಲೆ ಪುಟ್ಟ ತ್ರಿಕೋನವೋ ಬೇರೆ ಗುರುತೋ ಇರುತ್ತದೆ.

ಈ ದಿಣ್ಣೆ ಇನ್ನೊಂದು ಕಳ್ಳತನವನ್ನೂ ಹಿಡಿದುಕೊಡುತ್ತದೆ. ಬೋಳಾದ ಟಯರಿಗೆ ಬಿಸಿ ಕಬ್ಬಿಣದಲ್ಲಿ ಹೊಸ ತೋಡು ಕೊರೆಯುವ ಕೈಚಳಕ ಎಲ್ಲ ಕಡೆಯೂ ಉಂಟು. ಕೊರೆಯುವಾಗ ದಿಣ್ಣೆಯೂ ಕತ್ತರಿಸಿಹೋಗುತ್ತದೆ. ತ್ರಿಕೋನ ಇದೆ, ತೋಡು ಆಳ ಇದೆ, ದಿಣ್ಣೆ ಮಾತ್ರ ಇಲ್ಲ ಎಂದಾದರೆ ಅದು ಕೊರೆದ ಟಯರು. ಅದರಲ್ಲಿ ರಸ್ತೆಗೂ ಒಳಗಿನ ತಂತಿಗೂ ನಡುವೆ ಉಳಿದದ್ದು ಕಾಗದದಷ್ಟು ರಬ್ಬರು.

ಈಗ ದುಡ್ಡಿನ ಲೆಕ್ಕ. ವರ್ತಕ ಬಂಧುಗಳಿಗೆ ಇದು ನೀರು ಕುಡಿದಷ್ಟು ಸುಲಭ. ಹೊಸ ಟಯರಿನ ತೋಡು 8 ಮಿ.ಮೀ., ಬೆಲೆ 4,000 ರೂ. ಎಂದಿಟ್ಟುಕೊಳ್ಳೋಣ. ಕಾನೂನು ಬಿಡುವುದು 1.6ರವರೆಗೆ. ಅಂದರೆ ನೀವು ಕೊಳ್ಳುವುದು 6.4 ಮಿ.ಮೀ. ರಬ್ಬರು. ಹಳೆ ಟಯರಿನಲ್ಲಿ 4 ಮಿ.ಮೀ. ಉಳಿದಿದೆ ಎನ್ನಿ. "ಅರ್ಧ ಹಲ್ಲ್ ಇತ್ತ್, ಎರಡ್ ಸಾವ್ರ ಕೊಡಿ" ಎನ್ನುತ್ತಾರೆ. ನಿಜವಾಗಿ ಬಳಸಲು ಸಿಗುವುದು 2.4 ಮಿ.ಮೀ. ಮಾತ್ರ. ಅದರ ಬೆಲೆ 1,500 ರೂ. ಮೀರುವುದಿಲ್ಲ.

ನಮ್ಮ ಮಳೆಗೆ 1.6 ಸಾಲದು, 3 ಮಿ.ಮೀ.ಗೇ ಬದಲಿಸಿ ಎಂಬುದು ಬಲ್ಲವರ ಮಾತು. ಆ ಲೆಕ್ಕದಲ್ಲಿ ಹೊಸದರಲ್ಲಿ 5 ಮಿ.ಮೀ. ಸಿಗುತ್ತದೆ, ಹಳೆಯದರಲ್ಲಿ ಒಂದೇ ಒಂದು. ಬೆಲೆ 800 ರೂ. ಆಯಿತು! ಪ್ರಾಯಕ್ಕೆ, ತೇಪೆಗೆ ಇನ್ನಷ್ಟು ಕಳೆಯಿರಿ. ಎಷ್ಟೋ ಸಲ ಅಗ್ಗವೆಂದು ಕೊಂಡದ್ದು ಮಿಲಿಮೀಟರಿನ ಲೆಕ್ಕದಲ್ಲಿ ಹೊಸದಕ್ಕಿಂತ ದುಬಾರಿ ಬೀಳುತ್ತದೆ. ಒಳ್ಳೆಯ ವ್ಯಾಪಾರ ಒಂದೇ. ಹೊಸ ಕಾರು ಕೊಂಡವರು ದೊಡ್ಡ ರಿಮ್ಮು ಹಾಕಿಸಿಕೊಂಡು, ನಾಲ್ಕಾರು ತಿಂಗಳು ಮಾತ್ರ ಓಡಿದ ಟಯರನ್ನು ಅಂಗಡಿಯಲ್ಲಿ ಬಿಟ್ಟುಹೋಗುವುದುಂಟು. ಅಂಥದ್ದು ಸಿಕ್ಕಿದರೆ ಅದೃಷ್ಟ.

ರಿಮ್ಮಿನ ಏಣು: ಶೃಂಗಾರವೋ, ರಕ್ಷಣೆಯೋ?

ಇತ್ತೀಚೆಗೆ ಹಳೆ ಟಯರು ಮಾರುವವರ ಬಾಯಲ್ಲಿ ಹೊಸ ಮಾತೊಂದು ಬಂದಿದೆ. "ಇದ್ ರಿಮ್ ಪ್ರೊಟೆಕ್ಟರ್ ಇದ್ದ ಟಯರ್, ರಿಮ್ಮಿಗೆ ಏನೂ ಆತಿಲ್ಲೆ." ಅದಕ್ಕಾಗಿ ಇನ್ನೂರು ಮುನ್ನೂರು ಹೆಚ್ಚು ಕೇಳುವುದೂ ಉಂಟು. ಏನಿದು?

ಟಯರಿನ ಗೋಡೆ ರಿಮ್ಮಿಗೆ ಸೇರುವ ಜಾಗದಲ್ಲಿ ಬೆರಳಾಡಿಸಿ. ಕೆಲವು ಟಯರುಗಳಲ್ಲಿ ಅಲ್ಲಿ ಸುತ್ತಲೂ ಒಂದು ದಪ್ಪ ರಬ್ಬರಿನ ಏಣು, ಗದ್ದೆಯ ಅಂಚಿನ ಹಾಗೆ, ರಿಮ್ಮಿನ ತುದಿಗಿಂತ ತುಸು ಹೊರಗೆ ಚಾಚಿಕೊಂಡಿರುತ್ತದೆ. ಕಾರನ್ನು ಬದಿಗೆ ನಿಲ್ಲಿಸುವಾಗ ಫುಟ್‌ಪಾತಿನ ಕಲ್ಲು ಮೊದಲು ಈ ಏಣಿಗೆ ತಾಗುತ್ತದೆ, ರಿಮ್ಮು ಉಳಿಯುತ್ತದೆ. ಕಂಪೆನಿಗೊಂದು ಹೆಸರು. ಕಾಂಟಿನೆಂಟಲ್‌ನವರು ಎಫ್.ಆರ್. ಎಂದು ಅಚ್ಚು ಹಾಕುತ್ತಾರೆ, ಗುಡ್‌ಇಯರ್‌ನವರು ಎಫ್.ಪಿ., ಡನ್ಲಪ್‌ನವರು ಎಂ.ಎಫ್.ಎಸ್. ಅಚ್ಚು ಇಲ್ಲದೆಯೂ ಏಣು ಇರುವ ಟಯರುಗಳುಂಟು. ಆದ್ದರಿಂದ ಅಕ್ಷರಕ್ಕಿಂತ ಬೆರಳನ್ನೇ ನಂಬಿ.

ಇದರ ಅಗತ್ಯ ಯಾರಿಗೆ? ಗಿಡ್ಡ ಗೋಡೆಯ ಟಯರು, ಅಲಾಯ್ ರಿಮ್ಮು ಇರುವ ಕಾರಿಗೆ. ಮುರಕಲ್ಲಿನ ಕಟ್ಟೆ, ಚರಂಡಿಯ ಕಾಂಕ್ರೀಟು ಅಂಚು, ಸರ್ವಿಸ್ ರಸ್ತೆಯ ಕಲ್ಲು ಇವೆಲ್ಲ ಅಲಾಯ್ ರಿಮ್ಮಿನ ಶತ್ರುಗಳು. ಆಲ್ಟೋದಂಥ ಕಾರಿನ 145/80 ಆರ್12 ಟಯರಿಗೆ ಗೋಡೆ ಎತ್ತರ, ರಿಮ್ಮು ಕಬ್ಬಿಣದ್ದು. ಅಲ್ಲಿ ಏಣಿಗೆ ದುಡ್ಡು ಕೊಡುವುದೆಂದರೆ ಕುಂಬಳಕಾಯಿಗೆ ಕೊಡೆ ಹಿಡಿದಂತೆ. ಅದಲ್ಲದೆ ಕಬ್ಬಿಣದ ರಿಮ್ಮಿಗೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ಹಾಕುವವರು ಗಮನಿಸಬೇಕು. ಏಣು ಅಡ್ಡ ಬಂದು ಕೆಲವು ಕ್ಯಾಪುಗಳು ಸರಿಯಾಗಿ ಕೂರುವುದಿಲ್ಲ, ದಾರಿಯಲ್ಲಿ ಹಾರಿಹೋಗುತ್ತವೆ.

ಮುಖ್ಯ ಮಾತು ಇದು. ಏಣು ಕಾಯುವುದು ಪಕ್ಕದಿಂದ ಬರುವ ಉಜ್ಜುವಿಕೆಯನ್ನು ಮಾತ್ರ. ಹೊಂಡಕ್ಕೆ ಬಿದ್ದಾಗ ಪೆಟ್ಟು ಬರುವುದು ಕೆಳಗಿನಿಂದ. ಆಗ ರಿಮ್ಮನ್ನು ಕಾಯುವುದು ಒಳಗಿನ ಗಾಳಿ. ಗಾಳಿ ಕಡಿಮೆ ಇದ್ದರೆ ಟಯರು ರಿಮ್ಮಿಗೂ ಹೊಂಡದ ಅಂಚಿಗೂ ನಡುವೆ ಜಜ್ಜಿಹೋಗುತ್ತದೆ. ನೂಲೂ ಕಡಿಯುತ್ತದೆ, ರಿಮ್ಮೂ ಬಾಗುತ್ತದೆ. ಡ್ರೈವರ್ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಎಷ್ಟು ಗಾಳಿ ಬೇಕೆಂದು ಬರೆದಿದೆ. ಟಯರಿನ ಮೈಮೇಲೆ ಬರೆದದ್ದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ಟಯರು ತಣ್ಣಗಿರುವಾಗ, ಬೆಳಿಗ್ಗೆ, ಹದಿನೈದು ದಿನಕ್ಕೊಮ್ಮೆ ನೋಡಿಸಿ. ಖರ್ಚು ಹೆಚ್ಚಿಲ್ಲದ ರಿಮ್ ಪ್ರೊಟೆಕ್ಟರ್ ಅದು!

ಆದರೆ ಹಳೆ ಟಯರು ಕೊಳ್ಳುವವರಿಗೆ ಈ ಏಣಿನಿಂದ ಒಂದು ಪ್ರಯೋಜನವಿದೆ. ಅದು ಸಾಕ್ಷಿ ಹೇಳುತ್ತದೆ. ಏಣು ಒಂದೆರಡು ಕಡೆ ಉಜ್ಜಿದ್ದರೆ ಚಿಂತೆಯಿಲ್ಲ, ಅದರ ಕೆಲಸವೇ ಅದು. ಸುತ್ತಲೂ ಕಿತ್ತುಹೋಗಿದ್ದರೆ ಹಿಂದಿನ ಯಜಮಾನರು ಕಲ್ಲಿಗೆ ಹೊಡೆಸಿಯೇ ಗಾಡಿ ನಿಲ್ಲಿಸುತ್ತಿದ್ದರು ಎಂದರ್ಥ. ಅಂಥ ಟಯರಿನ ಗೋಡೆಯನ್ನು ಒಳಗೂ ಹೊರಗೂ ಇಂಚಿಂಚಾಗಿ ನೋಡಿ. ಏಣು ದಾಟಿ ಗೋಡೆಯವರೆಗೆ ಸೀಳು ಹೋಗಿದ್ದರೆ, ನೂಲು ಕಂಡರೆ, ಬಿಟ್ಟುಬಿಡಿ.

ಉಪ್ಪುಗಾಳಿಯ ಕಾಟ

ನಮ್ಮೂರ ರಿಮ್ಮಿಗೆ ಘಟ್ಟದ ಮೇಲಿನವರಿಗಿಲ್ಲದ ಒಂದು ಶತ್ರು ಉಂಟು. ಅದು ಉಪ್ಪು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಗಂಗೊಳ್ಳಿ, ಕೋಡಿ, ತ್ರಾಸಿಯ ಗಾಳಿಯಲ್ಲಿಯೇ ಉಪ್ಪಿದೆ. ಸಾಲದ್ದಕ್ಕೆ ಮೀನಿನ ಲಾರಿಗಳು ದಾರಿಯುದ್ದಕ್ಕೂ ಸುರಿಸುವ ನೀರು.

ಕಬ್ಬಿಣದ ರಿಮ್ಮಿನಲ್ಲಿ ಟಯರು ಕೂರುವ ಜಾಗ ತುಕ್ಕು ಹಿಡಿದರೆ ಗಾಳಿ ಸಣ್ಣಗೆ ಸೋರುತ್ತದೆ. ಪಂಚರ್ ಅಂಗಡಿಗೆ ಹೋದರೆ ಮೊಳೆ ಸಿಗುವುದಿಲ್ಲ, ವಾರ ಕಳೆದರೆ ಪುನಃ ಗಾಳಿ ಇಲ್ಲ. ಟಯರು ಬದಲಿಸುವಾಗ ಆ ಜಾಗವನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ, ಬಣ್ಣ ಕೊಟ್ಟು ಒಣಗಿಸಿ ಹಾಕಿಸಿ. ಅಲಾಯ್ ರಿಮ್ಮಿಗೆ ತುಕ್ಕಿಲ್ಲ ಎಂಬ ಧೈರ್ಯವೂ ಬೇಡ. ಕಲ್ಲಿಗೆ ಉಜ್ಜಿ ಮೇಲಿನ ಬಣ್ಣ ಹೋದಲ್ಲಿ ಉಪ್ಪು ಒಳಗೆ ಇಳಿದು ಬಿಳಿ ಬೂಷ್ಟಿನಂತೆ ತಿನ್ನುತ್ತ ಬರುತ್ತದೆ. ಈ ದೃಷ್ಟಿಯಲ್ಲಿ ಅಲಾಯ್ ಇದ್ದವರಿಗೆ ಕರಾವಳಿಯಲ್ಲಿ ಆ ಏಣಿನ ಬೆಲೆ ತುಸು ಹೆಚ್ಚೇ ಎನ್ನಬಹುದು.

ಹಳೆ ರಿಮ್ಮು ಕೊಳ್ಳುವವರೂ ಎಚ್ಚರ. ಬಾಗಿದ ಕಬ್ಬಿಣವನ್ನು ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿ, ಬಣ್ಣ ಬಳಿದು ಮಾರುವವರುಂಟು. ಅದು ಎಲ್ಲಿ, ಯಾವಾಗ ಬಿಟ್ಟುಕೊಳ್ಳುತ್ತದೆ ಎಂದು ಹೇಳಲಾಗದು. ಒಳಬದಿ ತಿರುಗಿಸಿ ನೋಡಿ, ವೆಲ್ಡಿಂಗಿನ ಗಂಟು ಕಂಡರೆ ಬೇಡ.

ನಂಬರು ಮತ್ತು ಜೋಡಿ

ಹಳೆ ಟಯರಿನ ಅಂಗಡಿಯಲ್ಲಿ "ಇದೂ ಕೂತ್ಕಂತ್" ಎಂಬ ಮಾತಿಗೆ ಮರುಳಾಗಬೇಡಿ. ಕೂರುವುದು ಬೇರೆ, ಹೊರುವುದು ಬೇರೆ. 185/65 ಆರ್15 88ಎಚ್ ಎಂದಿದ್ದರೆ 185 ಮಿ.ಮೀ. ಅಗಲ, ಗೋಡೆಯ ಎತ್ತರ ಅದರ ನೂರಕ್ಕೆ 65, ರೇಡಿಯಲ್, 15 ಇಂಚಿನ ರಿಮ್ಮು. 88 ಎಂದರೆ ಒಂದು ಟಯರು 560 ಕಿಲೋ ಹೊರುತ್ತದೆ. ಎಚ್ ಎಂದರೆ ವೇಗದ ಮಿತಿ 210 ಕಿ.ಮೀ. ಸಣ್ಣ ಕಾರಿನ 74 ಎಂಬ ನಂಬರಿಗೆ 375 ಕಿಲೋ ಮಾತ್ರ. ನಿಮ್ಮ ಕಾರಿನ ಬಾಗಿಲ ಚೀಟಿಯಲ್ಲಿ ಇದ್ದುದಕ್ಕಿಂತ ಕಡಿಮೆ ಹೊರುವ ಟಯರು ಹಾಕಿ, ಕೊಲ್ಲೂರಿಗೆಂದು ಏಳು ಜನ ತುಂಬಿಸಿಕೊಂಡು ಹೊರಟರೆ ಮೂಕಾಂಬಿಕೆಯೇ ಕಾಯಬೇಕು.

ಒಂದೇ ಆಕ್ಸಲಿನ ಎರಡು ಬದಿಗೆ ಬೇರೆ ಬೇರೆ ಮಾದರಿ, ಬೇರೆ ಬೇರೆ ಸವೆತದ ಟಯರು ಬೇಡ. ಬ್ರೇಕು ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಎರಡೇ ಟಯರು ಕೊಳ್ಳಲು ದುಡ್ಡಿದ್ದರೆ ಚೆನ್ನಾಗಿರುವ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಎಲ್ಲರೂ ಮುಂದಕ್ಕೆ ಹಾಕಿಸುತ್ತಾರೆ, ಸರಿ. ಆದರೆ ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಹಿಡಿತಕ್ಕೆ ತರಬಹುದು, ಹಿಂದಿನದು ಜಾರಿದರೆ ಗಾಡಿಯೇ ಬುಗುರಿಯಂತೆ ತಿರುಗಿಬಿಡುತ್ತದೆ.

ಅಂಗಡಿಯವರಿಗೆ ಒಂದು ವಿನಂತಿ

ಹಳೆ ಟಯರಿನ ವ್ಯಾಪಾರ ಮಾಡುವವರೆಲ್ಲ ಮೋಸಗಾರರೆಂದು ಹೇಳಲು ಈ ಲೇಖನ ಬರೆದಿಲ್ಲ. ರಾತ್ರಿ ಹನ್ನೊಂದಕ್ಕೆ, ಧೋ ಎಂದು ಮಳೆ ಸುರಿಯುವಾಗ, ಹೆದ್ದಾರಿ ಬದಿಯಲ್ಲಿ ದೀಪ ಹಚ್ಚಿಕೊಂಡು ಕೂತ ಪಂಚರ್ ಅಂಗಡಿಯವರು ಎಷ್ಟೋ ಸಂಸಾರಗಳನ್ನು ಮನೆ ಮುಟ್ಟಿಸಿದ್ದಾರೆ. ಅವರಲ್ಲಿಯೇ ಒಂದು ಕೋರಿಕೆ.

ಮಾರಾಟಕ್ಕಿಟ್ಟ ಪ್ರತಿ ಹಳೆ ಟಯರಿನ ಮೇಲೂ ಅದು ಹುಟ್ಟಿದ ಇಸವಿಯನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ. ಖರ್ಚು ಎಂಟಾಣೆಯೂ ಇಲ್ಲ. ಬಿಲ್ಲಿನಲ್ಲಿ ಆ ನಾಲ್ಕು ಅಂಕಿ ನಮೂದಿಸಿ. ಗಿರಾಕಿಗೆ ನಂಬಿಕೆ ಬರುತ್ತದೆ, ಮುಂದಿನ ಸಲವೂ ನಿಮ್ಮಲ್ಲಿಗೇ ಬರುತ್ತಾರೆ. ಕೆಲಸಕ್ಕೆ ಬಾರದ ಟಯರಿನ ಗೋಡೆಯನ್ನು ಕತ್ತಿಯಲ್ಲಿ ಸೀಳಿಬಿಡಿ, ಅದು ಪಾಲಿಶ್ ಹಚ್ಚಿಕೊಂಡು ಇನ್ನೊಂದು ಅಂಗಡಿಯಲ್ಲಿ ಪ್ರತ್ಯಕ್ಷವಾಗದಿರಲಿ. ದೋಣಿಯ ಬದಿಗೆ ಕಟ್ಟಲು, ಮಕ್ಕಳ ಉಯ್ಯಾಲೆಗೆ ಅದು ಆಗಬಹುದು, ಕಾರಿಗೆ ಬೇಡ. ಟಯರಿನ ರಾಶಿಯನ್ನು ಮಳೆಗೆ ಬಿಡಬೇಡಿ. ಒಳಗೆ ನಿಂತ ನೀರು ಡೆಂಗ್ಯೂ ಸೊಳ್ಳೆಯ ತೊಟ್ಟಿಲು.

ಉಪಯೋಗ ಮುಗಿದ ಟಯರಿನ ವಿಲೇವಾರಿಯ ಹೊಣೆಯನ್ನು ತಯಾರಕರ ಹೆಗಲಿಗೇ ಹಾಕುವ ಕೇಂದ್ರದ ನಿಯಮ 2022ರಲ್ಲಿ ಬಂದಿದೆ. ಆದರೆ ಕುಂದಾಪುರದ ಅಂಗಡಿಯ ಹಿಂದಿನ ರಾಶಿಯನ್ನು ಯಾರು ಬಂದು ಒಯ್ಯುತ್ತಾರೆ, ಯಾರಿಗೆ ಹೇಳಬೇಕು ಎಂಬುದನ್ನು ಅಂಗಡಿಯವರಿಗೆ ತಿಳಿಸುವ ಕೆಲಸ ಸ್ಥಳೀಯ ಆಡಳಿತದ್ದು. ಬೈಂದೂರು, ಬ್ರಹ್ಮಾವರ ಈಗ ತಾಲೂಕು ಕೇಂದ್ರಗಳು. ಮಳೆಗಾಲದ ಪೂರ್ವಸಿದ್ಧತಾ ಸಭೆಯಲ್ಲಿ ಚರಂಡಿ, ಮರದ ಗೆಲ್ಲು, ವಿದ್ಯುತ್ ಕಂಬದ ಜೊತೆಗೆ ಈ ವಿಷಯಕ್ಕೂ ಐದು ನಿಮಿಷ ಕೊಟ್ಟರೆ ಆಗದೇ? ಸಂಬಂಧಪಟ್ಟವರು ಗಮನಿಸುವರೇ?

ಕೊಳ್ಳುವವರಿಗೆ ಒಟ್ಟು ಮಾತು ಇಷ್ಟೇ. ಮೊದಲು ಪ್ರಾಯ, ಆಮೇಲೆ ಒಳಮೈ, ಆಮೇಲೆ ಗೋಡೆ, ಆಮೇಲೆ ಹಲ್ಲು, ಎಲ್ಲ ಸರಿ ಇದ್ದರೆ ಕಡೆಗೆ ರಿಮ್ಮಿನ ಏಣು. ನಮ್ಮಲ್ಲಿ ಹೆಚ್ಚಿನವರು ಈ ಪಟ್ಟಿಯನ್ನು ಕೆಳಗಿನಿಂದ ಮೇಲೆ ಓದುತ್ತಾರೆ. ಈ ಮಳೆಗಾಲದಿಂದಾದರೂ ಮೇಲಿನಿಂದ ಓದೋಣ.